ಅಪ್‌ಡೇಟ್: ಐಟಿ ರಿಟರ್ನ್ ಇಲ್ಲದ ರೈತರ ಮಗನಿಗೆ ಶೆಂಗೆನ್ ವೀಸಾ ಸಿಕ್ಕಿತು

ಮುಧೋಳದಲ್ಲಿ ಕಬ್ಬು ಬೆಳೆಯುವ ನಮ್ಮ ತಂದೆಯವರು ಐಟಿ ರಿಟರ್ನ್ ಸಲ್ಲಿಸುವವರಲ್ಲ. ವಿದ್ಯಾರ್ಥಿಯಾದ ನಾನು ಶೆಂಗೆನ್ ವೀಸಾಗೆ (ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಫ್ರಾನ್ಸ್ ಪ್ರವಾಸದ ಖರ್ಚಿನ ಆಧಾರವನ್ನು ಹೇಗೆ ತೋರಿಸಲಿ ಎಂದು ಮೂರು ವಾರಗಳ ಹಿಂದೆ ಇಲ್ಲಿ ಕೇಳಿದ್ದೆ. ನಿನ್ನೆ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಸೇರಿತು.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂಬುದನ್ನೇ ಪ್ರಾಯೋಜಕರ ಪತ್ರದಲ್ಲಿ (ಖರ್ಚು ತಾವೇ ಭರಿಸುವುದಾಗಿ ತಂದೆಯವರು ಬರೆದುಕೊಡುವ ಪತ್ರ) ನೇರವಾಗಿ ಬರೆದು, ಜಮೀನಿನ ಉತಾರ (ಪಹಣಿ), ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ ಮತ್ತು ತಂದೆಯವರ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿರಿ ಎಂದು ನಿಮ್ಮಲ್ಲೊಬ್ಬರು ನೀಡಿದ ಸಲಹೆಯೇ ಫಲಿಸಿತು. ಅವರಿಗೆ ನಾನು ಮನಸಾರೆ ಋಣಿ. ಕನ್ನಡದ ಕಾಗದಗಳನ್ನೆಲ್ಲ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಮಾಡಿಸಿದೆ. ತಂದೆ-ಮಗನ ಸಂಬಂಧಕ್ಕೆ ನನ್ನ ಜನನ ಪ್ರಮಾಣಪತ್ರವನ್ನೂ, ರಜೆ ಮುಗಿದ ಮೇಲೆ ಮರಳುವೆನೆಂಬುದಕ್ಕೆ ಕಾಲೇಜಿನ ಪತ್ರವನ್ನೂ ಇಟ್ಟೆ.

ಸೋದರಮಾವನಿಂದ ಎರಡು ಲಕ್ಷ ರೂಪಾಯಿ ತಂದು ನನ್ನ ಖಾತೆಗೆ ತುಂಬುವ ಸಲಹೆಯನ್ನು ಮಾತ್ರ ಕೈಬಿಟ್ಟೆ. ಮೂಲ ತಿಳಿಸಲಾಗದ, ಅರ್ಜಿಗೆ ಮುನ್ನ ಏಕಾಏಕಿ ಬಂದ ಹಣ ಅನುಮಾನಕ್ಕೆ ಎಡೆಮಾಡುತ್ತದೆ. ಠೇವಣಿ ರಸೀದಿಯೊಂದೇ ಸಾಕೆಂದವರೂ ಇದ್ದರು. ಆದರೆ ಅದು ಉಳಿತಾಯವನ್ನು ತೋರಿಸುತ್ತದೆಯೇ ಹೊರತು ಆದಾಯವನ್ನಲ್ಲ.

ನನಗೆ ಹೊಸದಾಗಿ ತಿಳಿದದ್ದು, ದೊಡ್ಡ ಮೊತ್ತ ಒಮ್ಮೆಗೇ ಜಮೆಯಾಗುವುದೇ ತಪ್ಪಲ್ಲ ಎಂಬುದು. ತಂದೆಯವರ ಸ್ಟೇಟ್‌ಮೆಂಟ್‌ನಲ್ಲಿ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಹಣ ಜಮೆಯಾದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಹಂಗಾಮಿನ ತೂಕದ ಚೀಟಿಗಳನ್ನು ಹಿಂದೆಯೇ ಜೋಡಿಸಿದ್ದೆ. ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಆ ಹಣದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಪ್ರವಾಸ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕೆಂಬುದನ್ನು ಮರೆಯಬೇಡಿ.