ಪದಚರ್ಚೆ: ಕಣ್ಣಿಗೆ ಕಾಣದ ಆಯಿಲ್ ಫಿಲ್ಟರನ್ನು ಯಾವ ಕಡೆ ತಿರುಗಿಸಬೇಕು?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನಾವಿರುವ ಊರಿನ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ, ಕಾರಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಾಯಿಸಿಕೊಳ್ಳುವುದು ಹೇಗೆ ಎಂಬ ಬರಹ ಸಿದ್ಧಮಾಡುತ್ತಿದ್ದೇನೆ. ಇಲ್ಲಿ ಕೂಲಿ ದುಬಾರಿ. ಆಯಿಲ್, ಫಿಲ್ಟರ್, ಸ್ಪ್ಯಾನರ್ ಎಲ್ಲ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತವೆ, ಇಳಿಸಿದ ಹಳೆ ಆಯಿಲನ್ನೂ ಎಷ್ಟೋ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ. ಹಾಗಾಗಿ ಊರಲ್ಲಿದ್ದಾಗ ಸೈಕಲ್ ಚೈನನ್ನೂ ಮುಟ್ಟದವರು ಇಲ್ಲಿ ಭಾನುವಾರ ಕಾರಿನಡಿ ಅಂಗಾತ ಮಲಗುತ್ತಾರೆ. ಅವರಿಗಾಗಿ ಬರೆಯುತ್ತಿರುವುದು.

ಬರಹವೆಲ್ಲ ಸರಾಗವಾಗಿ ಸಾಗಿ ಒಂದು ವಾಕ್ಯಕ್ಕೆ ಬಂದು ನಿಂತಿದೆ: "ಫಿಲ್ಟರನ್ನು ಎಡಕ್ಕೆ ತಿರುಗಿಸಿ ಬಿಚ್ಚಿ." ಕರಡು ಓದಿದ ಸಂಪಾದಕಿ ಪಕ್ಕದಲ್ಲಿ ಗೀಚಿ ಕಳಿಸಿದ್ದಾರೆ: "ಯಾರ ಎಡ?"

ನಾನು ಉದಾಹರಣೆಗೆ ಇಟ್ಟುಕೊಂಡಿರುವುದು 1990ರ ದಶಕದ ಹೋಂಡಾ ಸಿವಿಕ್. ಇಲ್ಲಿನ ಹಳೆ ಕಾರುಗಳಲ್ಲಿ ಇನ್ನೂ ಓಡುವವು ಅವು. ಅದರ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಫಿಲ್ಟರ್, ಅಂದರೆ ಆಯಿಲಿನ ಕೊಳೆ ಹಿಡಿಯುವ, ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಡಬ್ಬಿ, ಇರುವುದು ಎಂಜಿನ್ನಿನ ಹಿಂಬದಿಗೆ, ಚಕ್ರಕ್ಕೆ ಹೋಗುವ ಆಕ್ಸಲ್ಲಿನ ಮೇಲುಗಡೆ, ಎಂಜಿನ್ನಿಗೂ ನಮ್ಮ ಕಾಲ ಬುಡದ ತಗಡಿನ ಗೋಡೆಗೂ ನಡುವಿನ ಸಂದಿಯಲ್ಲಿ. ಬಾನೆಟ್ ಎತ್ತಿ ನೋಡಿದರೆ ಕಾಣುವುದಿಲ್ಲ. ಅಡಿಯಿಂದ ತೋಳು ತೂರಿಸಿದರೆ ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಅರೆಬರೆ. ಫಿಲ್ಟರಿನ ಬಾಯಿ ಎಂಜಿನ್ನಿಗೆ ತಗುಲಿಕೊಂಡು, ಮುಚ್ಚಿದ ತಲೆ ಕಾರಿನ ಹಿಂದಕ್ಕೆ ಮುಖ ಮಾಡಿರುತ್ತದೆ. ಅದರ ತಲೆಯನ್ನು ನೇರವಾಗಿ ಎದುರಿಗೆ ನೋಡುವ ಜಾಗದಲ್ಲಿ ಮನುಷ್ಯ ನಿಲ್ಲಲಾರ, ಅಲ್ಲಿ ಗೋಡೆ ಇದೆ.

"ಎಡಕ್ಕೆ ತಿರುಗಿಸು" ಎನ್ನುವಾಗ ನಾವು ಬಾಯಿಬಿಟ್ಟು ಹೇಳದ ಎರಡು ಸಂಗತಿಗಳಿವೆ. ಒಂದು, ನೀನು ಅದರ ತಲೆಗೆ ಎದುರಾಗಿದ್ದೀಯ. ಇನ್ನೊಂದು, ಎಡಕ್ಕೆ ಹೋಗಬೇಕಾದ್ದು ಅದರ ಮೇಲಂಚು. ಕೆಳಗಿನಿಂದ ಕೈ ಹಾಕಿದವನ ಬೆರಳಿಗೆ ಸಿಗುವುದು ಕೆಳಂಚು, ಮೇಲಂಚು ಎಡಕ್ಕೆ ಹೋದಾಗ ಕೆಳಂಚು ಬಲಕ್ಕೆ ಹೋಗುತ್ತದೆ. ಅಂದರೆ ನನ್ನ ವಾಕ್ಯವನ್ನು ಅಕ್ಷರಶಃ ಪಾಲಿಸಿದವನು ಮೊದಲೇ ಬಿಗಿಯಾಗಿರುವುದನ್ನು ಇನ್ನಷ್ಟು ಬಿಗಿಯುತ್ತಾನೆ. ಫಿಲ್ಟರಿನ ಡಬ್ಬಿ ತೆಳು ತಗಡು; ಪಟ್ಟಿ ಸುತ್ತಿ ಎಳೆಯುವ ಪಾನಾ ಹಾಕಿ ತಪ್ಪು ಕಡೆಗೆ ಜೋರು ಮಾಡಿದರೆ ಅದು ನಜ್ಜುಗುಜ್ಜಾಗುತ್ತದೆ, ಆಮೇಲೆ ಹಿಡಿತವೇ ಸಿಗುವುದಿಲ್ಲ.

ಶಾಲೆಯ ಪುಸ್ತಕದ "ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕು" ಇದಕ್ಕಿಂತ ವಾಸಿ ಅನ್ನಿಸಿತ್ತು. ಮೇಲಂಚು ಕೆಳಂಚಿನ ಗೊಂದಲ ಅದರಲ್ಲಿಲ್ಲ. ಆದರೆ ಗಡಿಯಾರಕ್ಕೆ ಮುಖ ಇದೆ, ಆ ಮುಖದ ಎದುರು ನಿಂತವನಿಗೆ ಮಾತ್ರ ಅದು ಸರಿ. ಮುಂದಿನ ಬಂಪರಿನ ಹತ್ತಿರ ನಿಂತು, ಎಂಜಿನ್ನಿನ ಆಚೆಗೆ ಕೈ ಇಳಿಬಿಟ್ಟವನಿಗೆ ಗಡಿಯಾರ ಬೆನ್ನು ಹಾಕಿರುತ್ತದೆ. ಅವನ ಕಣ್ಣಿನ ಲೆಕ್ಕದಲ್ಲಿ ಬಿಚ್ಚುವ ದಿಕ್ಕು ಮುಳ್ಳಿನ ದಿಕ್ಕೇ.

ಗ್ಯಾರೇಜಿನವರನ್ನು ಕೇಳಿದರೆ "ಲೂಸ್ ಸೈಡು, ಟೈಟ್ ಸೈಡು" ಎನ್ನುತ್ತಾರೆ. ಗೊತ್ತಿದ್ದವರಿಗೆ ಅದು ಸಾಕು. ಗೊತ್ತಿಲ್ಲದವನಿಗೆ ಅದು ಬಿಚ್ಚುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ ಎಂದು ಹೇಳಿದಂತೆ.

ಈಗ ಪದಗಳ ವಿಚಾರಕ್ಕೆ ಬರುತ್ತೇನೆ. ಎರಡು ಪದ ನನ್ನ ಕಣ್ಣಲ್ಲಿವೆ, ಎರಡರ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಪ್ರದಕ್ಷಿಣೆ. ವಿಜ್ಞಾನದ ಪಠ್ಯಗಳಲ್ಲಿ ಪ್ರದಕ್ಷಿಣ, ಅಪ್ರದಕ್ಷಿಣ ಎಂದು ಬಳಕೆ ಇದೆ, ಆದರೆ ಅಲ್ಲಿ ಅವನ್ನು ಗಡಿಯಾರದ ಮಾತಿಗೆ ಬದಲಿಯಾಗಿ ಇಟ್ಟಿದ್ದಾರೆ, ಅಷ್ಟೆ. ನನಗನ್ನಿಸುವುದು, ಈ ಪದಕ್ಕೆ ಗಡಿಯಾರಕ್ಕಿಲ್ಲದ ಒಂದು ಶಕ್ತಿ ಇದೆ. ಪ್ರದಕ್ಷಿಣೆ ಎಂದರೆ ದೇವರು ನಮ್ಮ ಬಲಕ್ಕಿರುವಂತೆ ಸುತ್ತುವುದು. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದು ಲೆಕ್ಕಕ್ಕಿಲ್ಲ, ಸುತ್ತುವವನ ಮೈಯೇ ಅಳತೆ. ಗುಡಿಯ ಗೋಪುರದ ಮೇಲಿಂದ ನೋಡಿದರೂ ಅಷ್ಟೆ, ಅಂಗಳದಲ್ಲಿ ಕೂತು ನೋಡಿದರೂ ಅಷ್ಟೆ, ಪ್ರದಕ್ಷಿಣೆ ಅಪ್ರದಕ್ಷಿಣೆ ಆಗುವುದಿಲ್ಲ. ಹಾಗಾದರೆ ಎಂಜಿನ್ನಿನ ಮೈಯನ್ನೇ ನೆಲ ಎಂದುಕೊಳ್ಳಿ, ಫಿಲ್ಟರ್ ಆ ನೆಲದ ಮೇಲೆ ನಿಂತ ಗುಡಿ. ಆ ನೆಲದ ಮೇಲೆ ಒಂದು ಇರುವೆ ಗುಡಿಗೆ ಅಪ್ರದಕ್ಷಿಣೆ ಬಂದರೆ ಅದು ಬಿಚ್ಚುವ ದಿಕ್ಕು, ಪ್ರದಕ್ಷಿಣೆ ಬಂದರೆ ಬಿಗಿಯುವ ದಿಕ್ಕು. ಫಿಲ್ಟರ್ ಅಡ್ಡ ಇರಲಿ, ತಲೆಕೆಳಗಾಗಿ ನೇತಾಡುತ್ತಿರಲಿ, ಮಾತು ಬದಲಾಗುವುದಿಲ್ಲ.

ಸಂಪಾದಕಿ ಇದಕ್ಕೂ ಒಂದು ತಕರಾರು ತೆಗೆದರು. ಅಪ್ರದಕ್ಷಿಣೆ ಎಂದರೆ ಮನೆಯ ಹಿರಿಯರಿಗೆ ಅಶುಭದ ನೆನಪು ಬರುತ್ತದೆ, ಹಬ್ಬದ ಸಂಚಿಕೆಯಲ್ಲಿ ಬೇಡ ಎಂದು. ಎಂಜಿನ್ನಿನಿಂದ ಕರಿ ಆಯಿಲ್ ಸುರಿಸುವ ಕೆಲಸಕ್ಕೆ ಶುಭ ಅಶುಭ ಎಲ್ಲಿಂದ ಬಂತು ಎಂದು ಕೇಳಬೇಕೆನ್ನಿಸಿತು. ಆದರೂ ಪದಕ್ಕೆ ಅಂಟಿಕೊಂಡ ವಾಸನೆ ಸುಲಭಕ್ಕೆ ಹೋಗುವುದಿಲ್ಲ, ಅದನ್ನು ಒಪ್ಪುತ್ತೇನೆ.

ಎರಡನೆಯದು ಬಲಮುರಿ. ಇದು ನನಗೆ ಬಹಳ ಹಿಡಿಸಿದ ಪದ. ಮುರಿ ಎಂದರೆ ತಿರುಚು, ಹೊಸೆ ಎಂಬ ಹಳೆಯ ಅರ್ಥ ಅದರಲ್ಲಿ ಉಳಿದಿದೆ. ಎಡಮುರಿ ಎಂಬ ಗಿಡದ ಕಾಯಿ ಯಾರಾದರೂ ನೋಡಿದ್ದರೆ ಗೊತ್ತಿರುತ್ತದೆ, ಅದು ಹೊಸೆದ ಹಗ್ಗದ ಹಾಗೆ, ತಿರುಪಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಡದಲ್ಲಿ ಬಲಮುರಿ, ಎಡಮುರಿ ಎಂಬ ಎರಡು ಜಾಗಗಳೂ ಇವೆ. ಕೊಡಗಿನಲ್ಲೂ ಒಂದು ಬಲಮುರಿ ಇದೆ. ತಿರುಪಿನ ಗುಣವನ್ನು ಹೇಳಲು ಇದಕ್ಕಿಂತ ನಮ್ಮದೇ ಆದ ಪದ ಇನ್ನೆಲ್ಲಿ?

ಯಾಕೆ ತಿರುಪಿನ ಗುಣ ಎನ್ನುತ್ತೇನೆ ಎಂದರೆ, ಒಂದು ಬೋಲ್ಟನ್ನು ತಲೆಯ ಕಡೆಯಿಂದ ನೋಡಿ, ತುದಿಯ ಕಡೆಯಿಂದ ನೋಡಿ, ಅದರ ಸುರುಳಿ ಯಾವ ಬಗೆಯದು ಎಂಬುದು ಬದಲಾಗುವುದಿಲ್ಲ. ತಿರುಗಿಸುವ ದಿಕ್ಕು ನೋಡುವವನದ್ದು, ಸುರುಳಿ ಬೋಲ್ಟಿನದ್ದು. ನಾವು ನಿತ್ಯ ಕಾಣುವ ಬೋಲ್ಟು, ನಲ್ಲಿ, ಬಾಟಲಿ ಮುಚ್ಚಳ, ಈ ಫಿಲ್ಟರ್ ಎಲ್ಲ ಒಂದೇ ಬಗೆ. ಸೈಕಲ್ಲಿನ ಎಡ ಪೆಡಲ್ ಮಾತ್ರ ಬೇರೆ ಬಗೆ, ಗ್ಯಾಸ್ ವೆಲ್ಡಿಂಗಿನವರ ಅಸಿಟಲಿನ್ ಪೈಪಿನ ನಟ್ಟೂ ಹಾಗೆಯೇ. ಮೆಕ್ಯಾನಿಕ್‌ಗಳು ಅದನ್ನು ಉಲ್ಟಾ ಥ್ರೆಡ್ ಎನ್ನುತ್ತಾರೆ. ಹಾಗಾದರೆ ಮಾಮೂಲಿನದ್ದು ಬಲಮುರಿ, ಉಲ್ಟಾ ಎಡಮುರಿ ಎಂದುಬಿಡೋಣವೇ?

ಅಷ್ಟು ಸಲೀಸಲ್ಲ, ಶಂಖ ಅಡ್ಡ ಬರುತ್ತದೆ. ಪೂಜೆಗೆ ಬಲು ಅಪರೂಪವೆಂದು ಹುಡುಕುವ ಬಲಮುರಿ ಶಂಖ, ಅಂದರೆ ದಕ್ಷಿಣಾವರ್ತ ಶಂಖ, ಪ್ರಾಣಿವಿಜ್ಞಾನದವರ ಲೆಕ್ಕದಲ್ಲಿ ಎಡಸುರುಳಿಯದು! ಅವರು ಚಿಪ್ಪಿನ ಚೂಪು ಸುರುಳಿಯನ್ನು ಮೇಲಕ್ಕೆ ಹಿಡಿದು ಬಾಯಿ ಯಾವ ಕಡೆ ಇದೆ ಎಂದು ನೋಡುತ್ತಾರೆ. ನಮ್ಮವರು ಅದನ್ನೇ ತಲೆಕೆಳಗಾಗಿ ಹಿಡಿದು ನೋಡಿ ಹೆಸರಿಟ್ಟರು. ಬೀದಿಯಲ್ಲಿ ಮಾರುವ ಸಾಮಾನ್ಯ ಶಂಖದ ಸುರುಳಿ ನಮ್ಮ ಮಾಮೂಲಿ ಬೋಲ್ಟಿನ ಸುರುಳಿಯ ಬಗೆಯದೇ, ಅಪರೂಪದ ಬಲಮುರಿ ಶಂಖದ್ದು ಉಲ್ಟಾ ಥ್ರೆಡ್. ಶಂಖದ ಲೆಕ್ಕ ಹಿಡಿದರೆ ಫಿಲ್ಟರಿನದ್ದು ಎಡಮುರಿ ಆಗಬೇಕು. ಬಲಮುರಿ ಗಣಪತಿಯಲ್ಲಿ ಇನ್ನೊಂದು ತರಹ: ಸೊಂಡಿಲು ತಿರುಗಿರುವುದು ಗಣಪತಿಯ ಬಲಕ್ಕೆ, ಕೈಮುಗಿದು ನಿಂತವರಿಗೆ ಅದು ಎಡ. ಸಂಪಾದಕಿಯ "ಯಾರ ಎಡ?" ಎಂಬ ಪ್ರಶ್ನೆಯಿಂದ ದೇವರಿಗೂ ಬಿಡುಗಡೆಯಿಲ್ಲ.

ನನ್ನ ಮನಸ್ಸು ಇನ್ನೂ ಬಲಮುರಿಯ ಕಡೆಗೇ ವಾಲಿದೆ. ಗಣಪತಿ, ಶಂಖ ಎರಡರಲ್ಲೂ ಅದು ಪಾರಿಭಾಷಿಕ ಪದ, ಅವರವರ ಕ್ಷೇತ್ರದಲ್ಲಿ ಅವರವರ ಅರ್ಥ ಇರಲಿ. ತಿರುಪಿಗೆ ನಾವು ಬೇರೆಯಾಗಿ ಒಂದು ಅರ್ಥ ಗೊತ್ತುಮಾಡಿಕೊಂಡರೆ ತಪ್ಪಿಲ್ಲ ಎಂಬುದು ನನ್ನ ವಾದ. ನಿಘಂಟು ಮಾಡುವವರು ಈ ಪದಚರ್ಚೆಯ ಬಳಗದಲ್ಲಿದ್ದೀರಿ, ಒಪ್ಪುತ್ತೀರಾ?

ಬರಹದಲ್ಲಿ ಸದ್ಯಕ್ಕೆ ಪದದ ಹಂಗಿಲ್ಲದೆ ಹೀಗೆ ಬರೆದಿದ್ದೇನೆ: "ಫಿಲ್ಟರ್ ಯಾವ ಕಡೆಗೆ ಹೊರಬರಬೇಕೋ ಆ ಕಡೆಗೆ ಬಲಗೈ ಹೆಬ್ಬೆರಳು ಚಾಚಿ, ಉಳಿದ ನಾಲ್ಕು ಬೆರಳು ಮಡಚಿ. ಬೆರಳುಗಳು ಸುತ್ತುವ ಕಡೆಗೆ ತಿರುಗಿಸಿ." ಕಣ್ಣು ಮುಚ್ಚಿಕೊಂಡೂ ಇದನ್ನು ಪಾಲಿಸಬಹುದು, ಬಂಪರಿನ ಬಳಿ ನಿಂತವನಿಗೂ ಅಡಿಯಲ್ಲಿ ಮಲಗಿದವನಿಗೂ ಒಂದೇ ಮಾತು. ಹೊಸದನ್ನು ಹಾಕುವಾಗ ಹೆಬ್ಬೆರಳು ಎಂಜಿನ್ನಿನ ಕಡೆಗೆ, ಅಷ್ಟೇ ವ್ಯತ್ಯಾಸ. ಎಡಗೈ ಬಳಸಿದರೆ ಎಲ್ಲ ತಿರುಗುಮುರುಗು, ಆ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಇದರ ಜೊತೆಗೆ ಕೆಲವು ಚಿಲ್ಲರೆ ಪ್ರಶ್ನೆಗಳು.

ಫಿಲ್ಟರ್ ಬಿಚ್ಚಲು ಬಾರದೆ ಇದ್ದಾಗ ನಾವೆಲ್ಲ "ಕಚ್ಚಿಕೊಂಡಿದೆ" ಎನ್ನುತ್ತೇವೆ, "ಜಾಮ್ ಆಗಿದೆ" ಎಂದೂ ಹೇಳುತ್ತೇವೆ. ತುಕ್ಕು ಹಿಡಿದ ನಟ್ಟಿಗೆ ಕಚ್ಚಿಕೊಂಡಿದೆ ಎಂಬುದು ಸರಿ, ಅಲ್ಲಿ ಥ್ರೆಡ್ಡಿಗೆ ಥ್ರೆಡ್ಡು ಕಚ್ಚಿರುತ್ತದೆ. ಫಿಲ್ಟರಿನಲ್ಲಿ ಸಾಮಾನ್ಯವಾಗಿ ಹಿಡಿದಿರುವುದು ಥ್ರೆಡ್ಡಲ್ಲ, ಬಾಯಿಯ ಸುತ್ತ ಇರುವ ರಬ್ಬರಿನ ಬಳೆ. ಹಿಂದೆ ಹಾಕಿದವರು ಅದಕ್ಕೆ ಆಯಿಲ್ ಸವರದೆ ಒಣಗಿದ್ದಂತೆಯೇ ಜೋರಾಗಿ ಬಿಗಿದಿರುತ್ತಾರೆ, ಸಾವಿರಾರು ಮೈಲಿ ಕಾದು ಆರಿ ಕಾದು ಆರಿ ಅದು ಎಂಜಿನ್ನಿನ ಮೈಗೆ ಮೆತ್ತಿಕೊಂಡಿರುತ್ತದೆ. ಹಾಗಾಗಿ "ಅಂಟಿಕೊಂಡಿದೆ" ಎಂದು ಬರೆದೆ. ಈ ವ್ಯತ್ಯಾಸ ಬರೀ ಮಾತಿನದ್ದಲ್ಲ. ಫಿಲ್ಟರ್ ಕಳಚಿ ಬಂದರೂ ಹಳೆ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿಯುವುದುಂಟು. ಅದನ್ನು ನೋಡದೆ ಹೊಸ ಫಿಲ್ಟರ್ ಕೂರಿಸಿದರೆ ರಬ್ಬರಿನ ಮೇಲೆ ರಬ್ಬರ್ ಆಗಿ, ಎಂಜಿನ್ ಚಾಲೂ ಮಾಡಿದ ಕೂಡಲೇ ಒತ್ತಡಕ್ಕೆ ಆಯಿಲ್ ಚಿಮ್ಮಬಹುದು. ಅಂದಹಾಗೆ ಈ ಬಳೆಗೆ ಏನನ್ನಲಿ? ಊರ ಗ್ಯಾರೇಜುಗಳಲ್ಲಿ "ಪ್ಯಾಕಿಂಗ್" ಎನ್ನುವುದನ್ನು ಕೇಳಿದ್ದೇನೆ, ಆದರೆ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಪ್ಯಾಕಿಂಗ್ ಎಂದರೆ ರಟ್ಟಿನ ಪೆಟ್ಟಿಗೆ.

ಇನ್ನೊಂದು, ಹೊಸ ಫಿಲ್ಟರನ್ನು ಪಾನಾ ಇಲ್ಲದೆ ಬರಿಗೈಯಲ್ಲಿ ಎಷ್ಟು ಬಿಗಿಯಬಹುದೋ ಅಷ್ಟು ಬಿಗಿಯುವುದು. ಒಬ್ಬರು "ಕೈಬಿಗಿ" ಎಂದು ಸೂಚಿಸಿದರು. ಚಿಕ್ಕದಾಗಿದೆ, ಚೊಕ್ಕದಾಗಿದೆ, ಆದರೆ ಕೈ ಬಿಗಿ ಎಂದರೆ ಜುಗ್ಗತನ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು ಎಂಬ ಅಳತೆ ಎಷ್ಟೋ ಫಿಲ್ಟರುಗಳ ಡಬ್ಬಿಯ ಮೇಲೆಯೇ ಇರುತ್ತದೆ, "ಮುಕ್ಕಾಲು ಸುತ್ತು" ಎಂಬ ಕನ್ನಡಕ್ಕೆ ಕೊರತೆಯೇನಿಲ್ಲ, ಹಾಗೆಯೇ ಬಿಟ್ಟೆ. ಎಂಜಿನ್ ಎಷ್ಟು ಬಿಸಿ ಇದ್ದಾಗ ಕೈಹಾಕಬೇಕು ಎಂಬುದಕ್ಕೂ ಉಗುರುಬೆಚ್ಚಗೆ ಎಂಬ ಪದ ಸಿಕ್ಕಿಬಿಟ್ಟಿತು, ಅದಕ್ಕೆ ಸ್ನಾನದ ಮನೆಯಿಂದ ಗ್ಯಾರೇಜಿಗೆ ಬಡ್ತಿ.

ಆಯಿಲ್ ಫಿಲ್ಟರನ್ನೇ ಕನ್ನಡ ಮಾಡಬೇಕೆಂದು ಹಟ ಹಿಡಿದವರು ಕೂಟದಲ್ಲಿದ್ದಾರೆ. "ತೈಲ ಶೋಧಕ" ಎಂದರೆ ಸಮುದ್ರದಲ್ಲಿ ಪೆಟ್ರೋಲಿಯಂ ಹುಡುಕುವವನ ಹಾಗೆ ಕೇಳುತ್ತದೆ. "ಎಣ್ಣೆ ಸೋಸುಕ" ಎಂದರೆ, ಎಣ್ಣೆಗೆ ಈಗ ಬಂದಿರುವ ಸಂಜೆಯ ಅರ್ಥ ನಿಮಗೆಲ್ಲ ಗೊತ್ತೇ ಇದೆ. ಸೋಸುವುದು ಎಂಬುದೂ ಎಲ್ಲ ಕಡೆ ನಿಲ್ಲುವುದಿಲ್ಲ. ಊರಿನ ಹೀರೋ ಸ್ಪ್ಲೆಂಡರಿನಲ್ಲಿ ಕಾಗದದ ಫಿಲ್ಟರ್ ಇಲ್ಲ. ಅಲ್ಲಿ ಒಂದು ಬಟ್ಟಲು ಎಂಜಿನ್ನಿನೊಂದಿಗೆ ಗಿರಗಿರ ತಿರುಗುತ್ತ ಆಯಿಲಿನ ಕೊಳೆಯನ್ನು ತನ್ನ ಗೋಡೆಗೆ ಎಸೆಯುತ್ತದೆ. ಅದು ಸೋಸುವುದಲ್ಲ, ತೂರುವುದಕ್ಕೆ ಹತ್ತಿರ. ಹೋಂಡಾ ಆಕ್ಟಿವಾದಲ್ಲಿ ಇರುವುದು ಬರೀ ಲೋಹದ ಜಾಲರಿ, ಅದಕ್ಕೆ ಜರಡಿ ಎಂದರೂ ನಡೆದೀತು. ಮೂರಕ್ಕೂ ಒಪ್ಪುವ ಪದ ಸದ್ಯಕ್ಕೆ ಫಿಲ್ಟರ್ ಒಂದೇ, ಅದನ್ನು ನಾನಂತೂ ಬದಲಾಯಿಸುವುದಿಲ್ಲ.

ಮುಖ್ಯ ಪ್ರಶ್ನೆಗೆ ಇನ್ನೊಂದು ದಾರಿ ಇರಬಹುದು, ಅದಕ್ಕೆ ನಿಮ್ಮಲ್ಲಿ ಹಳ್ಳಿಯ ಕಡೆಯವರ ನೆರವು ಬೇಕು. ನೂಲು, ನಾರು, ತೆಂಗಿನ ಹುರಿ ಹೊಸೆಯುವವರಿಗೆ ಈ ಎರಡು ಬಗೆಯ ಸುರುಳಿಯ ವ್ಯತ್ಯಾಸ ಗೊತ್ತಿರಲೇಬೇಕು, ಏಕೆಂದರೆ ಒಂದು ಕಡೆ ಹೊಸೆದ ಎಳೆಗಳನ್ನು ಇನ್ನೊಂದು ಕಡೆ ಹೊಸೆದು ಕೂಡಿಸಿದರೇ ಹಗ್ಗ ಬಿಚ್ಚಿಕೊಳ್ಳದೆ ನಿಲ್ಲುವುದು. ಎರಡು ಹೊಸೆತಗಳಿಗೂ ಅವರು ಬೇರೆ ಬೇರೆ ಹೆಸರು ಹೇಳುತ್ತಾರೆಯೇ? ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಅರಸೀಕೆರೆ ತಿಪಟೂರಿನ ಕಡೆ ಹುರಿ ಮಾಡುವ ಮನೆಗಳ ಪರಿಚಯ ಇದ್ದವರು ದಯವಿಟ್ಟು ಕೇಳಿ ತಿಳಿಸಿ. ಹೆಸರಿನ ಜೊತೆಗೆ ಅದು ಯಾವ ಕೈಯ ಯಾವ ಚಲನೆ ಎಂಬುದನ್ನೂ ಬರೆಯಿರಿ, ಇಲ್ಲವಾದರೆ ಮತ್ತೆ ಶಂಖದ ಕತೆಯೇ ಆಗುತ್ತದೆ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ.