ಪ್ರೈಮರ್ ಹೊಡೆದ ಎರಡೇ ದಿನಕ್ಕೆ ಗೋಡೆ ತುಂಬಾ ಬಿರುಕು, ಏನು ಮಾಡಲಿ?

ಪ್ರಶ್ನೆ:
ಹೊಸ ಮನೆ. ಸಿಮೆಂಟ್ ಬ್ಲಾಕ್ ಗೋಡೆ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಗಾರೆ, ಗಾರೆ ಮುಗಿದು ಮೂರು ವಾರ. ಎರಡು ಕೋಟ್ ಪುಟ್ಟಿ (ಗೋಡೆ ನುಣುಪು ಮಾಡೋ ಬಿಳಿ ಲೇಪ) ಎಳೆದು, ವಾಟರ್ ಪ್ರೈಮರ್ ಒಂದು ಕೋಟ್ ಹೊಡೆದಾಗಿದೆ. ಪಶ್ಚಿಮದ ಗೋಡೆ ಒಳಗಡೆ ಬತ್ತಿದ ಕೆರೆಯಂಗಳದ ಹಾಗೆ ಬಿರಿದಿದೆ. ಕಿಟಕಿ ಮೂಲೆಯಲ್ಲಿ ಒಂದು ಓರೆ ಗೆರೆ ಬೇರೆ. ಇನ್ನೊಂದು ಕೋಟ್ ದಪ್ಪಗೆ ಹೊಡೆದರೆ ಮುಚ್ಚಿಹೋಗುತ್ತೆ ಅಂತಾರೆ ಪೇಂಟರ್. ಹೊಡೆಸಬಹುದಾ?

ಉತ್ತರ 1:
ದಯವಿಟ್ಟು ಬೇಡ. ಪ್ರೈಮರ್ ಇರೋದು ಗೋಡೆ ಹೀರೋದನ್ನ ತಗ್ಗಿಸಿ ಬಣ್ಣ ಹಿಡಿಯೋ ಹಾಗೆ ಮಾಡೋಕೆ, ಬಿರುಕು ತುಂಬೋಕಲ್ಲ. ದಪ್ಪ ಕೋಟ್‌ನ ಮೇಲ್ಪದರ ಮೊದಲು ಒಣಗಿ ಬಿಗಿಯುತ್ತೆ. ಅಡಿಯದು ಆಮೇಲೆ ಕುಗ್ಗುವಾಗ ಮೇಲಿನದು ಸೀಳುತ್ತೆ.

ಮೊದಲು ಬ್ಲೇಡಿನಲ್ಲಿ ಕೆರೆದು ನೋಡಿ. ಬಿರುಕು ಪ್ರೈಮರ್‌ನಲ್ಲೇ ನಿಂತಿದ್ದರೆ 180 ನಂಬರ್ ಎಮೆರಿ ಪೇಪರಿನಲ್ಲಿ ಉಜ್ಜಿ, ಧೂಳು ಒರೆಸಿ, ತೆಳ್ಳಗೆ ಮತ್ತೆ ಹೊಡೆದರೆ ಸಾಕು. ಪುಟ್ಟಿಗೂ ಇಳಿದಿದ್ದರೆ ಆ ಭಾಗದ ಪುಟ್ಟಿ ಕೆರೆದು ತೆಗೀಲೇಬೇಕು. ಗಾರೆಯ ಉಬ್ಬುತಗ್ಗನ್ನ ಪುಟ್ಟಿಯಲ್ಲೇ ಸರಿಮಾಡೋಕೆ ಹೋದಾಗ ಹೀಗಾಗುತ್ತೆ. ಬಿಳಿ ಸಿಮೆಂಟ್ ಪುಟ್ಟಿಯ ಎರಡೂ ಕೋಟ್ ತೆಳ್ಳಗೇ ಇರಬೇಕು. ಎಳೆಯೋ ಮೊದಲು ಗೋಡೆಗೆ ನೀರು ಚಿಮುಕಿಸಿ. ಒಣ ಗಾರೆ ಪುಟ್ಟಿಯ ನೀರು ಹೀರಿಬಿಟ್ಟರೆ ಅದು ಗಟ್ಟಿಯಾಗದೆ ಪುಡಿಪುಡಿಯಾಗುತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ಕಿಟಕಿ ಮೂಲೆಯ ಓರೆ ಗೆರೆ ಪ್ರೈಮರ್‌ದಲ್ಲ, ಗಾರೆಯದೋ ಗೋಡೆಯದೋ ಇರಬೇಕು. ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದಿಡಿ. ಬೆಳೀತಾ ಹೋದರೆ ಎಂಜಿನಿಯರಿಗೆ ತೋರಿಸಿ. ನಿಂತಿದ್ದರೆ 5 ಮಿ.ಮೀ. ಆಳಕ್ಕೆ 'ವಿ' ಆಕಾರದಲ್ಲಿ ಕೊರೆದು, ಧೂಳು ತೆಗೆದು, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಒಣಗಿದ ಮೇಲೆ ಫೈಬರ್ ಮೆಶ್ ಟೇಪ್ ಅಂಟಿಸಿ ಪುಟ್ಟಿ ಎಳೀರಿ.

ಮೂರು ವಾರ ಅವಸರವಾಯ್ತು. ಗಾರೆಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ಹಸಿಯಾಗಿಡೋದು), ಒಟ್ಟು 28 ದಿನವಾದರೂ ಬಿಡಬೇಕು. ಒಂದಡಿ ಪಾಲಿಥೀನ್ ಹಾಳೆಯ ನಾಲ್ಕೂ ಅಂಚು ಗೋಡೆಗೆ ಟೇಪ್ ಹಾಕಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಗೋಡೆ ಇನ್ನೂ ಹಸಿ.

ಕೇಳಿದವರು:
ಬಿರುಕು ಪ್ರೈಮರ್‌ನಲ್ಲೇ ಇದೆ. ಡಬ್ಬದ ಮೇಲೆ ಸಮಪಾಲು ನೀರು ಅಂತಿದೆ, ಇವರು ನೀರೇ ಬೆರೆಸಿರಲಿಲ್ಲ. ಹೊಡೆದಿದ್ದು ಸಂಜೆ ನಾಲ್ಕಕ್ಕೆ.

ಉತ್ತರ 1:
ಹಾಗಿದ್ದರೆ ಕಾರಣ ಸಿಕ್ಕಿತು. ದಪ್ಪ ಪ್ರೈಮರ್, ಅದೂ ಬಿಸಿಲು ಕಾದ ಗೋಡೆಗೆ. ಈ ಸಲ ಬೆಳಗ್ಗೆ, ಗೋಡೆ ಕೈಗೆ ತಣ್ಣಗಿರುವಾಗ ಹೊಡೆಸಿ, ಫ್ಯಾನ್ ಹಾಕಬೇಡಿ. ಡಬ್ಬದ ತಳ ಚೆನ್ನಾಗಿ ಕದಡಿ, ನೀರನ್ನೂ ಪ್ರೈಮರನ್ನೂ ಒಂದೇ ಮಗ್ಗಿನಲ್ಲಿ ಅಳೆಯಿರಿ. ಹೇಳಿದ್ದಕ್ಕಿಂತ ಜಾಸ್ತಿ ನೀರೂ ಬೇಡ, ಒಣಗಿದ ಮೇಲೆ ಕೈಗೆ ಬಿಳಿ ಪುಡಿ ಹತ್ತುತ್ತೆ.