ಸಹಾಯ ಬೇಕು: ಅಜ್ಜನ ಮನೆ ಪಾಲು, ಕೇಸ್ ಹಾಕದೆ ಮುಗಿಸಬಹುದಾ?

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ನಮ್ಮ ಅಜ್ಜನ ಹಂಚಿನ ಮನೆ ಇದೆ. ಅಜ್ಜ ವಿಲ್ ಬರೆದಿರಲಿಲ್ಲ. ಪಹಣಿಯಲ್ಲಿ ಅಮ್ಮ, ದೊಡ್ಡಮ್ಮ, ಇಬ್ಬರು ಮಾವಂದಿರ ಹೆಸರಿದೆ. ಮುಂಬೈಯಲ್ಲಿರುವ ದೊಡ್ಡ ಮಾವ ಮಾರೋಣ ಅಂತಾರೆ. ಅಜ್ಜನ ಮನೆಯಲ್ಲೇ ಇರುವ ಸಣ್ಣ ಮಾವ ಒಪ್ಪುತ್ತಿಲ್ಲ. ರಿಪೇರಿಗೆ ದುಡ್ಡು ಯಾರು ಹಾಕೋದು ಅನ್ನುವ ಜಗಳದಲ್ಲೇ ಮಾಡಿನ (ಛಾವಣಿಯ) ಮರದ ಪಕ್ಕಾಸು, ರೀಪು ಎಲ್ಲ ಕೊಳೆತಿದೆ. ಈ ಮಳೆಗೆ ದೇವರ ಕೋಣೆಯಲ್ಲಿ ಬಕೆಟ್ ಇಡಬೇಕಾಯಿತು. ನಾಗರಪಂಚಮಿಗೆ ನಾಗನಿಗೆ ತನು (ಹಾಲು, ಎಳನೀರು) ಎರೆಯಲು ಬಂದವರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅಮ್ಮನಿಗೆ ತುಂಬಾ ಸಂಕಟ.

ಸಣ್ಣ ಮಾವನೇ ಉಳಿದವರ ಪಾಲು ಕೊಂಡರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಕೂಡ ಪಾಲು ಮಾರುವಾಗ ಸಹ ವಾರಸುದಾರರಿಗೇ ಆದ್ಯತೆ ಕೊಡುತ್ತದೆ. ಆದರೆ ರೇಟ್ ವಿಷಯಕ್ಕೆ ಬಂದ ಕೂಡಲೇ ಮಾತು ನಿಲ್ಲುತ್ತದೆ.

ಕೇಸ್ ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಆ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ. ಹೀಗೆ ಮನೆ ಪಾಲು ಮುಗಿಸಿದವರು ಇದ್ದೀರಾ? ಬೆಲೆ ಕಟ್ಟಲು ಯಾರನ್ನು ಕರೆಸಿದಿರಿ? ನಾಗಬನ (ನಾಗದೇವರನ್ನು ಪೂಜಿಸುವ ಮರಗಳ ಜಾಗ) ಮತ್ತು ಅಲ್ಲಿಗೆ ಹೋಗುವ ದಾರಿ ಎಲ್ಲರಿಗೂ ಉಳಿಯುವ ಹಾಗೆ ಪಾಲುಪಟ್ಟಿಯಲ್ಲಿ ಹೇಗೆ ಬರೆಸಿದಿರಿ? ದಯವಿಟ್ಟು ತಿಳಿಸಿ.